ಹೈಸ್ಕೂಲ್ ಮಕ್ಕಳಿಗೆ ‘ದೂರದ ಗ್ರಹದಲ್ಲಿ ಜೀವ ಹುಡುಕೋದು ಹೇಗೆ’ ಅಂತ ಮಾಡಿ ತೋರಿಸಬೇಕು, ಸಲಹೆ ಕೊಡಿ

ವಿಜ್ಞಾನ_ಮೇಡಂ (ಬೆಂಗಳೂರು):

ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ನಮ್ಮ ಶಾಲೆಗೆ ಒಬ್ಬ ಖಗೋಳ ಸಂಶೋಧಕರು ಬರ್ತಿದ್ದಾರೆ. ಹೊರಗ್ರಹಗಳ (ಬೇರೆ ನಕ್ಷತ್ರಗಳನ್ನ ಸುತ್ತೋ ಗ್ರಹಗಳ) ವಾತಾವರಣದಲ್ಲಿ ಜೀವದ ಸುಳಿವು ಹುಡುಕೋದು ಅವರ ಕೆಲಸ. 40 ನಿಮಿಷ ಕನ್ನಡದಲ್ಲೇ ಮಾತಾಡ್ತಾರೆ. ಅದಕ್ಕೂ ಮುಂಚೆ 9 ಮತ್ತು 10ನೇ ತರಗತಿಯ 60 ಮಕ್ಕಳಿಗೆ ಆ ವಿಧಾನ ಕೈಯಾರೆ ಮಾಡಿ ಗೊತ್ತಾಗಿರಬೇಕು ಅನ್ನೋದು ನನ್ನ ಆಸೆ. ಬರೀ ಸ್ಲೈಡ್ ಬೇಡ. ಕೈಯಲ್ಲಿ ಒಂದು ಆರ್ಡುಇನೊ ಬೋರ್ಡ್ (ಸೆನ್ಸರ್ ಓದೋ ಪುಟ್ಟ ಕಂಪ್ಯೂಟರ್), ಹಳೇ ವೆಬ್‌ಕ್ಯಾಮ್, ಒಂದು ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಇದೆ.

ಎರಡು ಪ್ರಶ್ನೆ. ನಿಜವಾದ ವಿಧಾನಕ್ಕೆ ಹತ್ತಿರ ಇರೋ ಪ್ರಯೋಗ ಯಾವುದು? ಮತ್ತೆ, ‘ಕೆ2-18ಬಿ ಗ್ರಹದಲ್ಲಿ ಜೀವ ಸಿಕ್ತಂತೆ, ಹೌದಾ ಮಿಸ್?’ ಅಂತ ಮಕ್ಕಳು ಕೇಳೇ ಕೇಳ್ತಾರೆ. ತಪ್ಪಿಲ್ಲದೆ, ಆದರೆ ಅವರ ಉತ್ಸಾಹಕ್ಕೆ ನೀರೆರಚದೆ ಏನು ಹೇಳಲಿ?

ಕೆಂಪುಕುಬ್ಜ:

ಮೇಡಂ, ಪ್ರಯೋಗಕ್ಕೆ ಮುಂಚೆ ಲೆಕ್ಕ ಸ್ಪಷ್ಟವಾಗಿರಲಿ. ಈ ವಿಧಾನದಲ್ಲಿ ಗ್ರಹದ ಚಿತ್ರ ತೆಗೆಯುವುದಿಲ್ಲ. ಗ್ರಹ ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ನಕ್ಷತ್ರದ ಬೆಳಕು ಎಷ್ಟು ಕುಸಿಯಿತು ಎಂದು ಅಳೆಯುತ್ತಾರೆ. ಗ್ರಹದ ತ್ರಿಜ್ಯವನ್ನು ನಕ್ಷತ್ರದ ತ್ರಿಜ್ಯದಿಂದ ಭಾಗಿಸಿ ವರ್ಗ ಮಾಡಿದರೆ ಆ ಕುಸಿತ ಸಿಗುತ್ತದೆ. ಸೂರ್ಯನ ಮುಂದೆ ಗುರು ಹಾದರೆ ಸುಮಾರು ಶೇ 1. ಭೂಮಿ ಹಾದರೆ ಶೇ 0.0084, ಅಂದರೆ ಹತ್ತು ಲಕ್ಷದಲ್ಲಿ 84 ಭಾಗ.

ಈ ಕುಸಿತ ಎಲ್ಲ ತರಂಗಾಂತರದಲ್ಲೂ ಒಂದೇ ಇರುವುದಿಲ್ಲ, ಸುಳಿವೆಲ್ಲ ಅಡಗಿರುವುದು ಆ ವ್ಯತ್ಯಾಸದಲ್ಲೇ. ಗ್ರಹದ ಸುತ್ತಲಿನ ವಾತಾವರಣದಲ್ಲಿ ಮೀಥೇನ್ ಇದ್ದರೆ 3.3 ಮೈಕ್ರಾನ್ ಹತ್ತಿರದ ಬೆಳಕನ್ನು ಅದು ತಡೆಯುತ್ತದೆ. ಕಾರ್ಬನ್ ಡೈಆಕ್ಸೈಡ್ 4.3ರಲ್ಲಿ, ಓಝೋನ್ 9.6ರಲ್ಲಿ. ಆ ತರಂಗಾಂತರಗಳಲ್ಲಿ ಗ್ರಹ ಕೊಂಚ ದಪ್ಪಗೆ ಕಾಣುತ್ತದೆ, ಕುಸಿತ ಕೊಂಚ ಹೆಚ್ಚುತ್ತದೆ. ಭೂಮಿ–ಸೂರ್ಯ ಜೋಡಿಯಲ್ಲಿ ಈ ಹೆಚ್ಚಳ ಹತ್ತು ಲಕ್ಷದಲ್ಲಿ ಸುಮಾರು ಒಂದು ಭಾಗ ಮಾತ್ರ. ಎಲ್ಲರೂ ಕೆಂಪು ಕುಬ್ಜ ನಕ್ಷತ್ರಗಳ ಹಿಂದೆ ಬಿದ್ದಿರುವುದು ಇದಕ್ಕೇ: ನಕ್ಷತ್ರ ಚಿಕ್ಕದಾದಷ್ಟೂ ಅದೇ ಗ್ರಹ ಮರೆಮಾಡುವ ಪಾಲು ದೊಡ್ಡದು. ಆದರೆ ಆ ನಕ್ಷತ್ರಗಳ ಮೇಲೆ ತಂಪಾದ ಕಲೆಗಳು ಹೆಚ್ಚು, ಕಲೆಗಳಲ್ಲಿ ನೀರಾವಿ ಇರಬಲ್ಲದು. ನಕ್ಷತ್ರದ ನೀರಾವಿಯನ್ನು ಗ್ರಹದ್ದೆಂದು ಓದಿಬಿಡುವ ಅಪಾಯ ನಿಜಕ್ಕೂ ಇದೆ.

ಇನ್ನೊಂದು ವಿಷಯ ಮಕ್ಕಳಿಗೆ ಮುಟ್ಟಲೇಬೇಕು. ಒಂದೇ ಒಂದು ಅನಿಲ ಸಿಕ್ಕರೆ ಸಾಲದು. ಜೀವವಿಲ್ಲದ ಗ್ರಹದಲ್ಲೂ ನೇರಳಾತೀತ ಕಿರಣ ನೀರಾವಿಯನ್ನು ಒಡೆದು, ಹೈಡ್ರೋಜನ್ ಬಾಹ್ಯಾಕಾಶಕ್ಕೆ ಸೋರಿಹೋಗಿ, ಆಮ್ಲಜನಕ ಉಳಿದುಕೊಳ್ಳಬಹುದು. ಮೀಥೇನ್ ಬಂಡೆ ಮತ್ತು ನೀರಿನ ರಾಸಾಯನಿಕ ಕ್ರಿಯೆಯಿಂದಲೂ ಬರುತ್ತದೆ. ಆದರೆ ಎರಡೂ ಒಟ್ಟಿಗೆ ಹೆಚ್ಚು ಕಾಲ ಇರಲಾರವು. ನಮ್ಮ ಗಾಳಿಯಲ್ಲಿ ಮೀಥೇನ್ ಸುಮಾರು ಹತ್ತು ವರ್ಷದಲ್ಲಿ ನಾಶವಾಗುತ್ತದೆ. ಎರಡೂ ಒಟ್ಟಿಗೆ ಕಂಡರೆ ಯಾವುದೋ ಮೂಲ ಅವನ್ನು ಸತತವಾಗಿ ತುಂಬುತ್ತಿದೆ ಎಂದರ್ಥ. 1990ರ ಡಿಸೆಂಬರಿನಲ್ಲಿ ಗೆಲಿಲಿಯೊ ನೌಕೆ ಭೂಮಿಯ ಪಕ್ಕ ಹಾದಾಗ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಮತ್ತು ಸಂಗಡಿಗರು ಭೂಮಿಯನ್ನೇ ಅಪರಿಚಿತ ಗ್ರಹವೆಂದು ಭಾವಿಸಿ ಪರೀಕ್ಷಿಸಿದರು. 1993ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಈ ಜೋಡಿಯೇ ಮುಖ್ಯ ಸಾಕ್ಷಿಗಳಲ್ಲೊಂದು. ನಮ್ಮ ಚಂದ್ರಯಾನ-3ರ ಪ್ರೊಪಲ್ಷನ್ ಮಾಡ್ಯೂಲ್‌ನಲ್ಲಿದ್ದ (ಇಳಿಯುವ ನೌಕೆಯನ್ನು ಚಂದ್ರನ ಕಕ್ಷೆಗೆ ಒಯ್ದ ಭಾಗ) ‘ಶೇಪ್’ ಉಪಕರಣದ ಉದ್ದೇಶವೂ ಅದೇ ಜಾತಿಯದು. ಭೂಮಿಯನ್ನು ದೂರದಿಂದ 1ರಿಂದ 1.7 ಮೈಕ್ರಾನ್ ಬೆಳಕಿನಲ್ಲಿ ನೋಡಿ, ಜೀವವಿರುವ ಗ್ರಹ ಹೇಗೆ ಕಾಣುತ್ತದೆ ಎಂಬ ಮಾದರಿ ಪಡೆಯುವುದು. ಮಕ್ಕಳಿಗೆ ವಿಕ್ರಮ್, ಪ್ರಜ್ಞಾನ್ ಗೊತ್ತು. ಇದನ್ನೂ ಹೇಳಿ.

ಬ್ರೆಡ್‌ಬೋರ್ಡ್_ಶೇಷ:

ಮೇಲಿನ ಲೆಕ್ಕವನ್ನೇ ಮೇಜಿನ ಮೇಲೆ ಮಾಡಬಹುದು. ಬೇಕಾದ ಸೆನ್ಸರ್ ಎಸ್.ಪಿ. ರೋಡಿನಲ್ಲಿ ಸಿಗುತ್ತೆ: ಟಿಸಿಎಸ್34725 ಅನ್ನೋ ಬಣ್ಣದ ಸೆನ್ಸರ್. ಕೆಂಪು, ಹಸಿರು, ನೀಲಿ, ಒಟ್ಟು ಬೆಳಕು ನಾಲ್ಕನ್ನೂ ಬೇರೆ ಬೇರೆ ಕೊಡುತ್ತೆ. ಬರೀ ಲಕ್ಸ್ (ಬೆಳಕಿನ ಪ್ರಮಾಣ) ಅಳೆಯೋ ಬಿಎಚ್1750 ತಗೋಬೇಡಿ. ಮಾಮೂಲಿ ಸ್ಥಿತಿಯಲ್ಲಿ ಅದರ ಒಂದು ಹೆಜ್ಜೆ 1 ಲಕ್ಸ್. 9 ವ್ಯಾಟ್ ಬಲ್ಬಿನಿಂದ 1 ಮೀಟರ್ ದೂರದಲ್ಲಿ ಸಿಗೋದು ಅಂದಾಜು 80 ಲಕ್ಸ್, ಅದರ ಶೇ 1 ಅಂದ್ರೆ 0.8. ಗುರುಗ್ರಹವೇ ಮಾಯ.

ನಕ್ಷತ್ರಕ್ಕೆ 10 ಸೆಂ.ಮೀ. ವ್ಯಾಸದ ಹಾಲುಗಾಜಿನ ಗೋಳ ಇರೋ ದೀಪ. ಎಲ್‌ಇಡಿ ಬಲ್ಬ್ ಮೈನ್ಸ್‌ನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತೆ, ಅಗ್ಗದ ಬಲ್ಬ್‌ನಲ್ಲಿ ಇನ್ನೂ ಜಾಸ್ತಿ ಕಾಣುತ್ತೆ. ಆದ್ದರಿಂದ ಒಳಗೆ 12 ವೋಲ್ಟ್ ಡಿಸಿ ಬಲ್ಬ್ ಹಾಕಿ, ಬ್ಯಾಟರಿಯಿಂದ ಉರಿಸಿ. ಸೆನ್ಸರ್ ಓದುವ ಅವಧಿಯನ್ನ 154 ಮಿಲಿಸೆಕೆಂಡ್‌ಗೆ ಇಡಿ. ಬೋರ್ಡಿನ ಮೇಲೆ ಒಂದು ಬಿಳಿ ಎಲ್‌ಇಡಿ ಇರುತ್ತೆ, ಅದರ ಪಿನ್ ಅನ್ನ ಗ್ರೌಂಡ್‌ಗೆ ಕೊಟ್ಟು ಆರಿಸಿ. ಮರೆತರೆ ಅದು ತನ್ನ ಬೆಳಕನ್ನೇ ಅಳೆಯುತ್ತೆ. ಆರ್ಡುಇನೊ ಊನೊ ಬೋರ್ಡಾದ್ರೆ ಸೆನ್ಸರಿನ ಎಸ್‌ಡಿಎ ಪಿನ್ ಎ4ಗೆ, ಎಸ್‌ಸಿಎಲ್ ಪಿನ್ ಎ5ಗೆ.

ಸೆನ್ಸರಿಗೆ ಕಪ್ಪು ಚಾರ್ಟಿನ ಕೊಳವೆ ಮಾಡಿ, ಉದ್ದ 15 ಸೆಂ.ಮೀ., ವ್ಯಾಸ 3. ಒಂದು ಮೀಟರ್ ದೂರದಲ್ಲಿ ಅದು ಸುಮಾರು 20 ಸೆಂ.ಮೀ. ಅಗಲ ನೋಡುತ್ತೆ, ಗೋಳ ಪೂರ್ತಿ ಒಳಗೆ ಬರುತ್ತೆ.

ಮೊದಲ ಸುತ್ತು: 2 ಸೆಂ.ಮೀ. ಥರ್ಮಾಕೋಲ್ ಉಂಡೆಗೆ ಕಪ್ಪು ಬಣ್ಣ ಬಳಿದು, ಗೋಳದ ಕೇಂದ್ರದಿಂದ 10 ಸೆಂ.ಮೀ. ದೂರದಲ್ಲಿ ಗಟ್ಟಿ ತಂತಿಯಿಂದ ಸುತ್ತಿಸಿ. ನಿಮಿಷಕ್ಕೆ 10 ಸುತ್ತಿನ ಗೇರ್ ಮೋಟರ್ ಸಾಕು, ಗ್ರಹ ಹಾದುಹೋಗೋಕೆ ಒಂದು ಸೆಕೆಂಡ್ ಚಿಲ್ರೆ ಹಿಡಿಯುತ್ತೆ, ಆರೇಳು ಅಂಕಿ ಸಿಗುತ್ತೆ. ಮಕ್ಕಳ ಲೆಕ್ಕದಲ್ಲಿ ಕುಸಿತ ಶೇ 4 ಬರಬೇಕು, ಸೆನ್ಸರ್ ಶೇ 5ರ ಹತ್ತಿರ ತೋರಿಸುತ್ತೆ. ಯಾಕೆ ಅಂದ್ರೆ ಉಂಡೆ ಗೋಳಕ್ಕಿಂತ ಸೆನ್ಸರಿಗೆ ಹತ್ತಿರ: 90 ಸೆಂ.ಮೀ.ಗೆ 100 ಸೆಂ.ಮೀ., ವರ್ಗ ಮಾಡಿದರೆ 1.23 ಪಟ್ಟು. ನಿಜವಾದ ನಕ್ಷತ್ರ ಎಷ್ಟೋ ಜ್ಯೋತಿರ್ವರ್ಷ ದೂರ ಇರೋದ್ರಿಂದ ಅಲ್ಲಿ ಈ ತಿದ್ದುಪಡಿ ಬೇಕಿಲ್ಲ. ಇದನ್ನ ಮಕ್ಕಳೇ ಕಂಡುಹಿಡಿಯೋ ಹಾಗೆ ಬಿಡಿ, ದಯವಿಟ್ಟು ಮುಂಚೆನೇ ಹೇಳಬೇಡಿ.

ಕುಸಿತ ಕಮ್ಮಿ ಬಂದ್ರೆ ಹೊರಗಿನ ಬೆಳಕು ಸೇರ್ತಿದೆ ಅಂತ ಲೆಕ್ಕ. ದೀಪ ಆರಿಸಿ ಒಮ್ಮೆ ಓದಿ, ಆ ಅಂಕಿನ ಎಲ್ಲದರಿಂದ ಕಳೀರಿ. ಪಕ್ಕದ ನಕ್ಷತ್ರದ ಬೆಳಕು ಬೆರೆತಾಗ ಸಂಶೋಧಕರೂ ಇದನ್ನೇ ಮಾಡ್ತಾರೆ.

ಎರಡನೇ ಸುತ್ತೇ ಅಸಲಿ ವಿಷಯ. 3 ಸೆಂ.ಮೀ. ಕಪ್ಪು ಚಾರ್ಟ್ ಬಿಲ್ಲೆ ಕತ್ತರಿಸಿ, ಸುತ್ತ ಅರ್ಧ ಸೆಂ.ಮೀ. ಅಗಲಕ್ಕೆ ಕೆಂಪು ಜಿಲೆಟಿನ್ ಪೇಪರಿನ ಉಂಗುರ ಅಂಟಿಸಿ. ಒಟ್ಟು ವ್ಯಾಸ 4. ಇದನ್ನ ತಿರುಗಿಸಬೇಡಿ. ಗೋಳದ ಮುಂದೆ ಹಿಡಿದು ನಿಲ್ಲಿಸಿ, ತೆಗೀರಿ, ಮತ್ತೆ ಹಿಡೀರಿ. ಕೆಂಪು ಬೆಳಕು ಉಂಗುರದ ಮೂಲಕ ಬಹುಪಾಲು ದಾಟುತ್ತೆ, ಕುಸಿತ ಶೇ 9ರ ಕಡೆಗೆ. ನೀಲಿ ದಾಟಲ್ಲ, ಕುಸಿತ ಶೇ 16ರ ಕಡೆಗೆ. ಗ್ರಹ ಅದೇ, ಬಣ್ಣ ಬದಲಾದ್ರೆ ಗಾತ್ರ ಬದಲು! ಬರೀ ಅಂಕಿ ನೋಡಿ ‘ವಾತಾವರಣ ಇದೆ, ಅದು ನೀಲಿ ಹೀರುತ್ತೆ’ ಅಂತ ಮಕ್ಕಳು ಹೇಳಬೇಕು. ಒಂದು ತಂಡಕ್ಕೆ ಉಂಗುರ ಇಲ್ಲದ 4 ಸೆಂ.ಮೀ. ಬಿಲ್ಲೆ ಕೊಟ್ಟು, ಪರದೆ ಹಿಂದೆ ಯಾವುದು ಅಂತ ಕೇಳಿ. ಜಿಲೆಟಿನ್ ಒಂದು ಪದರದಲ್ಲಿ ನೀಲಿ ಸೋರಿದ್ರೆ ಎರಡು ಪದರ ಹಾಕಿ. ಗೋಂದು ಉಂಗುರದ ಮೇಲೆ ಹರಡಿದ್ರೆ ಅಲ್ಲಿ ಮಸುಕಾಗಿ ಕೆಂಪೂ ಕುಸಿಯುತ್ತೆ, ಅಂಚಿಗೆ ಮಾತ್ರ ಹಚ್ಚಿ.

ರೋಹಿತಪ್ರಿಯೆ:

ಶೇಷ ಅವರ ಎರಡನೇ ಸುತ್ತು ತುಂಬಾ ಚೆನ್ನಾಗಿದೆ. ಅದರ ಜೊತೆ ಇದನ್ನೂ ಸೇರಿಸಿ: ಜೀವದ ನಿಜವಾದ ಸುಳಿವೊಂದನ್ನು ಮಕ್ಕಳು ಬಿಸಿಲಿನಲ್ಲೇ ನೋಡಬಹುದು. ಸೂರ್ಯನ ರೋಹಿತದಲ್ಲಿ (ಬಣ್ಣಗಳಾಗಿ ಬಿಡಿಸಿದ ಬೆಳಕಿನಲ್ಲಿ) ಕಾಣುವ ಕಪ್ಪು ಗೆರೆಗಳಲ್ಲಿ ಹೆಚ್ಚಿನವು ಸೂರ್ಯನವೇ. ಆದರೆ 687 ನ್ಯಾನೊಮೀಟರ್‌ನಲ್ಲಿರುವ ಫ್ರಾನ್‌ಹೋಫರ್ ‘ಬಿ’ ಪಟ್ಟೆ ಮತ್ತು 760ರಲ್ಲಿರುವ ‘ಎ’ ಪಟ್ಟೆ ನಮ್ಮ ಗಾಳಿಯ ಆಮ್ಲಜನಕದ್ದು, ಗಿಡ ಪಾಚಿಗಳು ಕೊಟ್ಟ ಆಮ್ಲಜನಕದ್ದು. ಮುಂದಿನ ತಲೆಮಾರಿನ ದೂರದರ್ಶಕಗಳು ಭೂಮಿಯಂಥ ಗ್ರಹಗಳಲ್ಲಿ ಹುಡುಕಬೇಕೆಂದಿರುವುದೂ ಈ 760ರ ಪಟ್ಟೆಯನ್ನೇ.

ಇದಕ್ಕೆ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಒಂದು ಡಬ್ಬಿ ಬೇಕು: ಒಂದು ತುದಿಯಲ್ಲಿ ಸೀಳು, ಇನ್ನೊಂದರಲ್ಲಿ ನುಣ್ಣನೆ ಗೆರೆಗಳ ಹಾಳೆ (ಗ್ರೇಟಿಂಗ್), ಅದರ ಹಿಂದೆ ವೆಬ್‌ಕ್ಯಾಮ್. ಗ್ರೇಟಿಂಗ್ ಬದಲು ಸಿ.ಡಿ. ತುಂಡು ಹಾಕಿದರೆ ಪಟ್ಟೆ ಕಾಣುವುದು ಕಷ್ಟ. ಅದರಲ್ಲಿ ಮಿಲಿಮೀಟರಿಗೆ 625 ಗೆರೆ ಮಾತ್ರ. ಡಿ.ವಿ.ಡಿ.ಯಲ್ಲಿ ಸುಮಾರು 1350, ಆದರೆ 687ರ ಬೆಳಕು 68 ಡಿಗ್ರಿಗೆ ಬಾಗಿ ಡಬ್ಬಿ ಮಾಡುವುದೇ ತಲೆನೋವು. ಮಿಲಿಮೀಟರಿಗೆ 1000 ಗೆರೆಯ ಗ್ರೇಟಿಂಗ್ ಹಾಳೆ ತನ್ನಿ. 687 ಸುಮಾರು 43 ಡಿಗ್ರಿಗೆ, 760 ಸುಮಾರು 49ಕ್ಕೆ ಬರುತ್ತದೆ. ವೆಬ್‌ಕ್ಯಾಮನ್ನು 45 ಡಿಗ್ರಿಗೆ ಓರೆ ಕೂರಿಸಿ.

ಸೀಳಿಗೆ ಎರಡು ಹೊಸ ಶೇವಿಂಗ್ ಬ್ಲೇಡು. ನಡುವೆ ಜೆರಾಕ್ಸ್ ಹಾಳೆ ಸಿಕ್ಕಿಸಿ ಅಂಟಿಸಿ, ಆಮೇಲೆ ಹಾಳೆ ಎಳೆದುಬಿಡಿ, 0.1 ಮಿ.ಮೀ. ಸಂದು ಉಳಿಯುತ್ತದೆ. ಸೀಳಿನಿಂದ ಗ್ರೇಟಿಂಗ್‌ಗೆ 25 ಸೆಂ.ಮೀ. ಒಳಗೆಲ್ಲ ಕಪ್ಪು. ಸೀಳು ಮತ್ತು ಗ್ರೇಟಿಂಗಿನ ಗೆರೆಗಳು ಸಮಾನಾಂತರ ಇರಲೇಬೇಕು, ಸ್ವಲ್ಪ ಓರೆಯಾದರೂ ಗೆರೆಗಳು ಕಲಸಿಹೋಗುತ್ತವೆ. ಬ್ಲೇಡಿನ ಕೆಲಸ ನೀವೇ ಮಾಡಿ, ಮಕ್ಕಳ ಕೈಗೆ ಬೇಡ.

ಡಬ್ಬಿಯನ್ನು ಸೂರ್ಯನ ಕಡೆ ತಿರುಗಿಸಲೇಬಾರದು. ಬಿಸಿಲು ಬಿದ್ದ ಬಿಳಿ ಹಾಳೆಯ ಕಡೆ ತಿರುಗಿಸಿ. 687ರಲ್ಲಿ ನಮ್ಮ ಕಣ್ಣಿನ ಸಂವೇದನೆ ಹಸಿರಿಗೆ ಹೋಲಿಸಿದರೆ ಶೇ 1ರಷ್ಟು ಮಾತ್ರ, ಆದ್ದರಿಂದ ಕಣ್ಣಿಗಿಂತ ವೆಬ್‌ಕ್ಯಾಮ್ ಮೇಲು. ಆದರೆ ಅದರ ಲೆನ್ಸಿನ ಹಿಂದೆ ಅವಕೆಂಪು ತಡೆಯುವ ಪುಟ್ಟ ಗಾಜಿರುತ್ತದೆ. ಅದನ್ನು ತೆಗೆಯದಿದ್ದರೆ 760 ಕಾಣುವುದೇ ಇಲ್ಲ. ತೆಗೆದ ಮೇಲೆ ಫೋಕಸ್ ಕದಲುತ್ತದೆ, ಲೆನ್ಸ್ ತಿರುಗಿಸಿ ಮತ್ತೆ ಹೊಂದಿಸಿ. ಎಕ್ಸ್‌ಪೋಶರ್ ಆಟೊದಲ್ಲಿ ಬಿಡಬೇಡಿ.

ಅಳತೆಪಟ್ಟಿ ಬೇಕಲ್ಲ? ಸಿ.ಎಫ್.ಎಲ್. ದೀಪದ ಪಾದರಸದ ಗೆರೆಗಳು 436 ಮತ್ತು 546, ಬಿಸಿಲಿನ ಸೋಡಿಯಂ 589, ಹೈಡ್ರೋಜನ್ 656.3. ಹೈಡ್ರೋಜನ್ ಗೆರೆಯನ್ನೇ ಆಮ್ಲಜನಕ ಎಂದುಕೊಳ್ಳುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು.

ಅದೇ ಕ್ಯಾಮೆರಾದಲ್ಲಿ ಹೊಂಗೆ ಎಲೆ ತೋರಿಸಿ. ಕೆಂಪು ಬೆಳಕನ್ನು ಹೀರುವ ಎಲೆ 700 ದಾಟಿದ ಕೂಡಲೇ ಬೆಳ್ಳಗೆ ಹೊಳೆಯುತ್ತದೆ. ಗೆಲಿಲಿಯೊ ನೌಕೆ ಕಂಡ ಇನ್ನೊಂದು ಸುಳಿವು ಅದು.

ಸಿಗ್ಮಾ_ಸರಸ್ವತಿ:

ಎರಡನೇ ಪ್ರಶ್ನೆಗೆ. ಮೇಡಂ, ಖಚಿತವಾಗಿ ಗೊತ್ತಿರುವುದನ್ನು ಮೊದಲು ಹೇಳಿ, ಅದೇ ಸಾಕಷ್ಟು ರೋಮಾಂಚಕ. ಕೆ2-18ಬಿ ಸುಮಾರು 124 ಜ್ಯೋತಿರ್ವರ್ಷ ದೂರ, ಸಿಂಹ ರಾಶಿಯ ದಿಕ್ಕಿನಲ್ಲಿದೆ. ತ್ರಿಜ್ಯ ಭೂಮಿಯ 2.6 ಪಟ್ಟು, 33 ದಿನಕ್ಕೆ ಒಂದು ಸುತ್ತು. 2023ರ ಸೆಪ್ಟೆಂಬರಿನಲ್ಲಿ ಕೇಂಬ್ರಿಡ್ಜಿನ ನಿಕ್ಕು ಮಧುಸೂದನ್ ಅವರ ತಂಡ ಜೇಮ್ಸ್ ವೆಬ್ ದೂರದರ್ಶಕದಿಂದ ಅಲ್ಲಿ ಮೀಥೇನ್ ಮತ್ತು ಕಾರ್ಬನ್ ಡೈಆಕ್ಸೈಡ್ ಕಂಡದ್ದಾಗಿ ಪ್ರಕಟಿಸಿತು. 2025ರ ಏಪ್ರಿಲಿನಲ್ಲಿ ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಹತ್ತಿರದ ಇನ್ನೊಂದು ಅನಿಲದ ಸುಳಿವಿದೆ ಎಂದಿತು. ಭೂಮಿಯಲ್ಲಿ ಆ ಅನಿಲ ಮುಖ್ಯವಾಗಿ ಸಮುದ್ರದ ಸೂಕ್ಷ್ಮ ಸಸ್ಯಗಳಿಂದ ಬರುತ್ತದೆ. ಸುದ್ದಿ ಹುಟ್ಟಿದ್ದು ಇಲ್ಲಿ.

ಎಡವುವುದು, ಆ ಸುಳಿವು ಎಷ್ಟು ಗಟ್ಟಿ ಎಂದು ಹೇಳಲು ತಂಡ ಕೊಟ್ಟ ‘3 ಸಿಗ್ಮಾ’ ಎಂಬ ಅಂಕಿಯಲ್ಲಿ. ‘ಜೀವ ಇರುವ ಸಾಧ್ಯತೆ ಶೇ 99.7’ ಎಂದು ಅದನ್ನು ಓದಬಾರದು. ಆ ಅನಿಲ ಇಲ್ಲದಿದ್ದರೂ ಬರೀ ಅಳತೆಯ ಏರುಪೇರಿನಿಂದ ಇಂಥ ಗುರುತು ಮೂಡುವ ಸಂಭವ ಶೇ 0.3 ಎಂದಷ್ಟೇ ಅರ್ಥ, ಅದೂ ಹೋಲಿಸಿದ ಮಾದರಿಗಳು ಸರಿಯಿದ್ದರೆ. ಶೋಧ ಎನ್ನಲು ರೂಢಿಯಲ್ಲಿರುವ ಮಟ್ಟ 5 ಸಿಗ್ಮಾ. ಬೇರೆ ತಂಡಗಳು ಅದೇ ದತ್ತಾಂಶವನ್ನು ಬೇರೆ ಮಾದರಿಗಳಿಂದ ನೋಡಿದಾಗ ಆ ಅನಿಲ ಬೇಕೇಬೇಕು ಎಂದೇನೂ ಅನಿಸಲಿಲ್ಲ. ಅನಿಲ ಖಚಿತವಾದರೂ ಮುಗಿಯುವುದಿಲ್ಲ: 67ಪಿ ಧೂಮಕೇತುವಿನಲ್ಲೂ ಅದು ಸಿಕ್ಕಿದೆ, ಪ್ರಯೋಗಾಲಯದಲ್ಲಿ ಜೀವವಿಲ್ಲದ ಅನಿಲ ಮಿಶ್ರಣಕ್ಕೆ ನೇರಳಾತೀತ ಬೆಳಕು ಹಾಯಿಸಿದಾಗಲೂ ಹುಟ್ಟಿದೆ.

ಮಕ್ಕಳು ಕೇಳಿದಾಗ ಮೂರು ಪ್ರಶ್ನೆ ಬೋರ್ಡಿನ ಮೇಲೆ ಬರೆಯಿರಿ: ಗುರುತು ನಿಜವೇ? ಅದು ಆ ಅನಿಲದ್ದೇ? ಜೀವವಿಲ್ಲದೆ ಆ ಅನಿಲ ಬರಬಹುದೇ? ಕೆ2-18ಬಿಯ ಮೀಥೇನ್ ಎಲ್ಲಿಯವರೆಗೆ ಬಂದಿದೆ, ಸಲ್ಫೈಡ್ ಎಲ್ಲಿ ನಿಂತಿದೆ ಎಂದು ಅವರೇ ಗುರುತು ಹಾಕಲಿ. ಬರುವ ಸಂಶೋಧಕರಿಗೂ ಆ ಬೋರ್ಡ್ ಅಳಿಸದೆ ಬಿಡಿ, ಮಾತು ಅಲ್ಲಿಂದಲೇ ಶುರುವಾಗಲಿ.

ವಿಜ್ಞಾನ_ಮೇಡಂ:

ಎಲ್ಲರಿಗೂ ತುಂಬಾ ಧನ್ಯವಾದ. ಉಂಗುರದ ಬಿಲ್ಲೆ ಮತ್ತು ಬಿಸಿಲಿನ ಆಮ್ಲಜನಕ ಎರಡೂ ಮಾಡ್ತೀನಿ. ರೋಹಿತಪ್ರಿಯೆ ಅವರೇ, 60 ಮಕ್ಕಳಿಗೆ ಒಂದೇ ಡಬ್ಬಿ ಸಾಕಾ? ಮತ್ತೆ 687ರ ಪಟ್ಟೆ ಗಾಳಿಯದ್ದೇ, ಸೂರ್ಯನದ್ದಲ್ಲ ಅಂತ ಮಕ್ಕಳಿಗೆ ಹೇಗೆ ಸಾಬೀತು ಮಾಡೋದು?

ರೋಹಿತಪ್ರಿಯೆ:

ಒಂದೇ ಸಾಕು ಮೇಡಂ, ವೆಬ್‌ಕ್ಯಾಮ್ ಚಿತ್ರ ಪ್ರೊಜೆಕ್ಟರಿಗೆ ಕೊಡಿ. ಶೇಷ ಅವರ ಮೇಜಿಗೆ ಹತ್ತತ್ತು ಮಕ್ಕಳ ತಂಡ ಸರದಿಯಲ್ಲಿ ಹೋಗಲಿ.

ಸಾಬೀತಿಗೆ ಎರಡು ಚಿತ್ರ ಬೇಕು. 27ರ ಸಂಜೆ 5:45ಕ್ಕೆ ಟೆರೇಸಿನಲ್ಲಿ ಒಂದು ತೆಗೆದಿಡಿ. ಆಗ ಬೆಂಗಳೂರಿನಲ್ಲಿ ಸೂರ್ಯ ದಿಗಂತದಿಂದ ಸುಮಾರು 10 ಡಿಗ್ರಿ ಮೇಲಿರುತ್ತದೆ, ಬೆಳಕು ನಡುಹಗಲಿಗಿಂತ ಸುಮಾರು ಐದು ಪಟ್ಟು ಗಾಳಿ ದಾಟಿ ಬರುತ್ತದೆ. ಇನ್ನೊಂದನ್ನು ಮಾರನೇ ದಿನ 12:30ಕ್ಕೆ ಮಕ್ಕಳ ಮುಂದೆಯೇ ತೆಗೆಯಿರಿ. ಸಂಜೆ ಬೆಳಕು ಕಮ್ಮಿ, ಎಕ್ಸ್‌ಪೋಶರ್ ಹೆಚ್ಚಿಸಲೇಬೇಕು. ಅದಕ್ಕೇ ನೇರ ಹೊಳಪು ಹೋಲಿಸದೆ, ಪ್ರತಿ ಗೆರೆಯನ್ನೂ ಅದರ ಅಕ್ಕಪಕ್ಕದ ಹೊಳಪಿನ ಜೊತೆ ಹೋಲಿಸಿ. 656ರ ಗೆರೆ ಎರಡರಲ್ಲೂ ಅಷ್ಟೇ ಕಪ್ಪು, 687 ಮಾತ್ರ ಸಂಜೆ ಗಾಢ. ಮೋಡ ಬಂದರೆ 26ಕ್ಕೇ ಒಂದು ತೆಗೆದಿಟ್ಟಿರಿ.