ಸೀಡರ್ ಮರದ ನೆರಳಲ್ಲಿ ಗುಲಾಬಿ ಹೂವಿನ ಕಳೆ: ಹರ್ಬ್ ರಾಬರ್ಟ್ ಹೌದಾ? ಕೀಳೋದು ಹೇಗೆ?

ಹಿತ್ತಲಗಿಡ (ಸಿಯಾಟಲ್):
ಸೀಡರ್ ಬುಡದ ಸುತ್ತ ಒಂದಡಿ ಎತ್ತರದ ಗಿಡ ಹಬ್ಬಿದೆ. ಜರಿಗಿಡದಂಥ ಎಲೆ, ಕೆಂಪು ಕಾಂಡ, ಐದೆಸಳಿನ ಗುಲಾಬಿ ಹೂ. ಎಲೆ ಹಿಸುಕಿದರೆ ಕಮಟು ವಾಸನೆ. ಪಕ್ಕದಲ್ಲೇ ಬ್ಲೀಡಿಂಗ್ ಹಾರ್ಟ್ (ಹೃದಯದಾಕಾರದ ಹೂ ಬಿಡುವ ಗಿಡ) ಇದೆ, ಅದರ ಎಲೆಯೂ ಜರಿಯಂಥದ್ದೇ, ಅದು ಹಾಳಾಗಬಾರದು. ಟ್ರಿಮ್ಮರ್ ಹೊಡೆದರೆ ಸಾಕಾ?

ಬೇರುಮಣ್ಣು:
ಆ ವಾಸನೆ ಇದ್ದರೆ ಹರ್ಬ್ ರಾಬರ್ಟೇ (ಜೆರೇನಿಯಂ ರಾಬರ್ಟಿಯಾನಂ). ನಿಮ್ಮ ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ‘ಕ್ಲಾಸ್ ಬಿ’ ಕಳೆಪಟ್ಟಿಯಲ್ಲಿದೆ, ಅಂದರೆ ಹಾನಿಕರ ಎಂದು ಸರ್ಕಾರ ಗುರುತಿಸಿದ ಹೊರಗಿನ ಗಿಡ. ಹೆಚ್ಚಿನ ಕಳೆಗಳಿಗೆ ಬಿಸಿಲು ಬೇಕು. ಇದು ದಟ್ಟ ನೆರಳಲ್ಲೂ ಹೂಬಿಟ್ಟು ಕಾಯಿ ಕಟ್ಟುತ್ತದೆ. ಕಾಡಿನೊಳಗೆ ನುಗ್ಗುವುದು ಅದಕ್ಕೇ.

ಟ್ರಿಮ್ಮರ್ ಬೇಡ. ಬುಡ ಉಳಿದರೆ ಮತ್ತೆ ಚಿಗುರುತ್ತದೆ. ಬೇರು ಆಳಕ್ಕಿಳಿಯುವುದಿಲ್ಲ, ಕೈಯಲ್ಲೇ ಬರುತ್ತದೆ. ಆದರೆ ಗಿಣ್ಣಿನ ಹತ್ತಿರ ಕಾಂಡ ಲಟಕ್ಕನೆ ಮುರಿಯುವುದರಿಂದ ಮೇಲಿಂದ ಎಳೆಯಬೇಡಿ. ಮಳೆ ಬಂದ ಮಾರನೆ ದಿನ ಬುಡಕ್ಕೆ ಬೆರಳು ಹಾಕಿ, ನಿಧಾನವಾಗಿ ಎತ್ತಿ. ಮಣ್ಣು ಜಾಸ್ತಿ ಕೆದಕಿದರೆ ಒಳಗಿರುವ ಬೀಜ ಮೇಲೆ ಬಂದು ಮೊಳೆಯುತ್ತದೆ.

ಬ್ಲೀಡಿಂಗ್ ಹಾರ್ಟ್ ಎಲೆಯಲ್ಲಿ ನೀಲಿ ಛಾಯೆ ಇರುತ್ತದೆ, ರೋಮವಾಗಲಿ ಕಮಟಾಗಲಿ ಇರುವುದಿಲ್ಲ. ಬೆರಳಿಗೆ ದಪ್ಪನೆಯ, ರಸತುಂಬಿದ ಬೇರು ಸಿಕ್ಕರೆ ಅಲ್ಲೇ ನಿಲ್ಲಿಸಿ. ಗೊಂದಲವಿದ್ದರೆ ಚಳಿಗಾಲಕ್ಕೆ ಬಿಡಿ: ಬ್ಲೀಡಿಂಗ್ ಹಾರ್ಟ್ ಆಗ ನೆಲದ ಮೇಲೆ ಕಾಣುವುದೇ ಇಲ್ಲ, ಹರ್ಬ್ ರಾಬರ್ಟ್ ಮಾತ್ರ ಹಸಿರಾಗಿ ನೆಲಕ್ಕಂಟಿಕೊಂಡಿರುತ್ತದೆ.

ಹಿತ್ತಲಗಿಡ:
ಕೆಲವದರಲ್ಲಿ ಕೊಕ್ಕಿನಂಥ ಕಾಯಿ ಆಗಲೇ ಇದೆ. ಕಿತ್ತು ಕಾಂಪೋಸ್ಟಿಗೆ ಹಾಕಬಹುದಾ?

ಬೇರುಮಣ್ಣು:
ಖಂಡಿತ ಬೇಡ. ಕಿತ್ತ ಗಿಡದಲ್ಲೂ ಕಾಯಿ ಬಲಿಯುತ್ತದೆ. ಕೊಕ್ಕು ಒಣಗಿದಾಗ ಬಿಗಿದ ಸ್ಪ್ರಿಂಗಿನ ಹಾಗೆ ಚಿಮ್ಮಿ ಬೀಜವನ್ನು 15–20 ಅಡಿ ದೂರ ಎಸೆಯುತ್ತದೆ. ಬೀಜಕೋಶಕ್ಕೆ ಅಂಟಿದ ಸಣ್ಣ ನಾರು ಬಟ್ಟೆಗೂ ಎಲೆಗೂ ಸಿಕ್ಕಿಕೊಳ್ಳುತ್ತದೆ. ಮೊದಲು ಕಾಯಿ ಇರುವ ಗಿಡಕ್ಕೆ ಚೀಲ ಮುಚ್ಚಿ, ಆಮೇಲೆ ಕಿತ್ತು, ಬಾಯಿ ಕಟ್ಟಿ ಕಸಕ್ಕೆ ಹಾಕಿ. ಖಾಲಿಯಾದ ಜಾಗಕ್ಕೆ ರಟ್ಟು ಹಾಸಿ, ಮೇಲೆ 4 ಇಂಚು ಮರದ ಚಕ್ಕೆ ಹರಡಿ. ಸೀಡರ್ ಕಾಂಡಕ್ಕೆ ತಾಗಿಸಬೇಡಿ. ಬೀಜ ಮಣ್ಣಲ್ಲಿ ಕೆಲವು ವರ್ಷ ಜೀವಂತ ಇರುತ್ತದೆ. ಹಾಗಾಗಿ ಪ್ರತಿ ವಸಂತದಲ್ಲೂ ಶರತ್ಕಾಲದಲ್ಲೂ ಒಂದು ಸುತ್ತು ನೋಡಲೇಬೇಕು.

ಸುಣ್ಣಕಲ್ಲು (ಇಂಗ್ಲೆಂಡ್):
ಒಂದು ಸೇರಿಸುತ್ತೇನೆ. ಎಲೆ ಗುಂಡಗೆ, ಎಣ್ಣೆ ಸವರಿದಂತೆ ಹೊಳೆಯುತ್ತಿದ್ದರೆ ಅದು ಜೆರೇನಿಯಂ ಲೂಸಿಡಂ. ಅದೂ ಏಕವಾರ್ಷಿಕ, ಅಲ್ಲಿ ಅದೂ ಕಳೆಯೇ. ಕೀಳುವ ಕ್ರಮ ಒಂದೇ. ಇಲ್ಲಿ ಬ್ರಿಟನ್ನಿನಲ್ಲಿ ಎರಡೂ ಸ್ಥಳೀಯ ಗಿಡಗಳು. ಬೇಲಿಸಾಲು, ಹಳೇ ಕಲ್ಲುಗೋಡೆ, ಸುಣ್ಣಕಲ್ಲಿನ ಸಂದುಗಳೇ ಅವುಗಳ ಮನೆ. ಹರ್ಬ್ ರಾಬರ್ಟ್ ಸಮುದ್ರದಂಡೆಯ ಉರುಟುಕಲ್ಲಿನ ನಡುವೆಯೂ ಬೆಳೆಯುತ್ತದೆ. ಇಲ್ಲಿರುವವರು ಸಿಯಾಟಲ್ ಸಲಹೆ ಓದಿ ಕೀಳಲು ಹೊರಡಬೇಡಿ.