ಬ್ಯಾಕ್‌ಪ್ಲೇಟ್, ವಿಂಗ್, ಹಾರ್ನೆಸ್: ಕನ್ನಡದಲ್ಲಿ ಏನನ್ನೋಣ? (ನಾಳೆ ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ಒಂದು ಹಾಳೆ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಮುರ್ಡೇಶ್ವರದಲ್ಲಿ ಸ್ಕೂಬಾ (ಗಾಳಿಯ ಸಿಲಿಂಡರ್ ಹೊತ್ತು ನೀರೊಳಗೆ ಮುಳುಗುವುದು) ಕಲಿತು, ನೇತ್ರಾಣಿ ದ್ವೀಪದ ಬಳಿ ನಾಲ್ಕಾರು ಸಲ ಮುಳುಗೆದ್ದು, ಈಗ ಸ್ವಂತ ಸಾಮಾನು ಕೊಳ್ಳಲು ಹೊರಟವರಿಗೆ ಅದು. ಮೂರು ಪದಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ.

ನೋಡದವರಿಗೆ ಹೇಳುತ್ತೇನೆ. ಬಾಡಿಗೆಗೆ ಸಾಮಾನ್ಯವಾಗಿ ಸಿಗುವುದು ನೀರಲ್ಲಿ ತೇಲುವುದನ್ನು ಹಿಡಿತದಲ್ಲಿಡುವ ಜಾಕೆಟ್. ಗಾಳಿ ತುಂಬಿದರೆ ಅದು ಪಕ್ಕೆಯನ್ನೂ ಒತ್ತುತ್ತದೆ. ನಾನು ಹೇಳುತ್ತಿರುವ ಕಟ್ಟಿನಲ್ಲಿ ಹಾಗಿಲ್ಲ. ಬೆನ್ನಿಗೆ ಲೋಹದ ಒಂದು ಪ್ಲೇಟು (ಬ್ಯಾಕ್‌ಪ್ಲೇಟ್), ಅದರ ಹಿಂದೆ ಗಾಳಿ ತುಂಬುವ ಚೀಲ (ವಿಂಗ್), ಅದರ ಹಿಂದೆ ಸಿಲಿಂಡರ್. ಪ್ಲೇಟಿನ ಸೀಳುಗಳಲ್ಲಿ ಎರಡಿಂಚು ಅಗಲದ ಒಂದೇ ಉದ್ದನೆ ಪಟ್ಟಿ ತೂರಿಸಿರುತ್ತಾರೆ. ಅದು ಎರಡೂ ಹೆಗಲು ಇಳಿದು ಸೊಂಟದಲ್ಲಿ ಬಕಲ್‌ಗೆ ಸೇರುತ್ತದೆ. ಕಾಲಿನ ನಡುವೆ ಇನ್ನೊಂದು ಪಟ್ಟಿ. ಈ ಪಟ್ಟಿಗಳೆಲ್ಲ ಸೇರಿ ಹಾರ್ನೆಸ್. ಫ್ಲಾರಿಡಾದ ನೀರುಗುಹೆಗಳಲ್ಲಿ ಮುಳುಗುವವರು ರೂಢಿಗೆ ತಂದ ಕಟ್ಟು ಇದು.

ಈ ಎರಡು ವಾಕ್ಯ ತುಂಬಿಸಿ ಕೊಡಿ:

"ಉಕ್ಕಿನ ____ ಸುಮಾರು 2.5ರಿಂದ 3 ಕಿಲೋ ತೂಗುತ್ತದೆ, ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸ ಅಷ್ಟು ಕಡಿಮೆ ಮಾಡಬಹುದು. ಅಲ್ಯುಮಿನಿಯಂ ಆದರೆ 1 ಕಿಲೋ ಆಸುಪಾಸು, ವಿಮಾನದಲ್ಲಿ ಒಯ್ಯಲು ಹಗುರ."

"ಒಂದೇ ಸಿಲಿಂಡರ್‌ಗೆ ಸುಮಾರು 13 ಕಿಲೋ ಎತ್ತುವ ____ ಸಾಕು, ಜಾಸ್ತಿ ದೊಡ್ಡದು ಕೊಂಡರೆ ಅದರ ಅಂಚುಗಳು ಸಿಲಿಂಡರನ್ನು ದೋಸೆಯ ಹಾಗೆ ಸುತ್ತಿಕೊಳ್ಳುತ್ತವೆ."

ನಾನು ಬರೆದುಕೊಂಡಿರುವುದು ಬೆನ್ನುತಟ್ಟೆ, ರೆಕ್ಕೆ, ಪಟ್ಟಿ. ಮೂರೂ ಸಮಾಧಾನ ಕೊಟ್ಟಿಲ್ಲ.

ಉತ್ತರ 1 (ಶಿವಮೊಗ್ಗದಿಂದ)

ಬೆನ್ನುತಟ್ಟೆ ಬೇಡವೇ ಬೇಡ. ಓದಿದವರಿಗೆ ಬೆನ್ನು ತಟ್ಟುವುದೇ ನೆನಪಾಗುತ್ತದೆ. ಬೆನ್ನುಹಲಗೆ ಎನ್ನಿ.

ವಿಂಗ್‌ಗೆ ತಿದಿ. ಚಿಕ್ಕಂದಿನಲ್ಲಿ ನಮ್ಮೂರ ಕುಲುಮೆಯಲ್ಲಿ ತಿದಿ ಒತ್ತಿದ್ದೇನೆ. ಹಗ್ಗ ಎಳೆದರೆ ತೊಗಲು ಉಬ್ಬುತ್ತಿತ್ತು, ಬಿಟ್ಟರೆ ಉಸ್ಸೆಂದು ಕುಗ್ಗುತ್ತಿತ್ತು. ನಿಮ್ಮ ಚೀಲ ಮಾಡುವುದೂ ಅದನ್ನೇ ಅಲ್ವಾ? ಉಬ್ಬಿ ಕುಗ್ಗುವ ಗಾಳಿಚೀಲಕ್ಕೆ ನಮ್ಮಲ್ಲೇ ಹೆಸರಿದೆ. ಇಂಗ್ಲಿಷಿನವರಿಗೆ ಹಕ್ಕಿ ಕಂಡಿತೆಂದು ನಮಗೂ ಕಾಣಬೇಕಿಲ್ಲ.

ಉತ್ತರ 2 (ಮೈಸೂರಿನಿಂದ)

ಹಲಗೆ ಫಲಕದ ತದ್ಭವ. ಅಚ್ಚಗನ್ನಡ ಬೇಕೆನ್ನುವವರು ಅದನ್ನು ಕೊಡಬಾರದಿತ್ತು. ಮೇಲಾಗಿ ಹಲಗೆ ಎಂದರೆ ಮರ. ತಗಡು ಎನ್ನಿ, ಮುಗಿಯಿತು.

ಉತ್ತರ 1ರವರಿಂದ ಮತ್ತೆ

ಮುಗಿಯಲಿಲ್ಲ. ತಗಡು ಅಂದರೆ ಇವತ್ತು ಬೈಗುಳ. ದುಡ್ಡು ಕೊಟ್ಟು ಕೊಂಡದ್ದನ್ನು ಯಾರೂ ತಗಡು ಅನ್ನಿಸಿಕೊಳ್ಳಲು ಒಪ್ಪುವುದಿಲ್ಲ. 3 ಮಿಲಿಮೀಟರ್ ಉಕ್ಕು ತಗಡೂ ಅಲ್ಲ. ಇನ್ನು ಹಲಗೆ. ತಮಿಳಿನಲ್ಲಿ ಪಲಗೈ, ಹಳಗನ್ನಡದಲ್ಲಿ ಪಲಗೆ. ಶಾಲೆಯ ತದ್ಭವ ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಸಂಸ್ಕೃತದ್ದೇ ಎಂದು ನಾನು ಒಪ್ಪಲಾರೆ.

ಉತ್ತರ 3 (ಭಟ್ಕಳದಿಂದ)

ನಾನು ಸ್ಕೂಬಾ ಕಲಿಸುವವನು. ತಿದಿ ನೋಡಿದ ಹುಡುಗರು ನನ್ನ ದೋಣಿಗೆ ಒಬ್ಬರೂ ಬಂದಿಲ್ಲ. ರೆಕ್ಕೆಯಂತೂ ಅಪಾಯ. ಕಾಲಿಗೆ ಹಾಕುವ ಫಿನ್‌ಗೆ ಆಗಲೇ ಈಜುರೆಕ್ಕೆ ಅನ್ನುತ್ತೇವೆ, ಮೀನಿನ ರೆಕ್ಕೆ ಇದ್ದಂತೆ. "ರೆಕ್ಕೆ ಸರಿ ನೋಡಿಕೊಳ್ಳಿ" ಅಂದರೆ ಎಲ್ಲರೂ ಕಾಲು ನೋಡುತ್ತಾರೆ. ನೀರಿಗೆ ಹಾರುವ ಮುಂಚೆ ಆ ಗೊಂದಲ ಬೇಡ.

ಎರವಲು ಬೇಡ ಅನ್ನುವವರಿಗೆ ಒಂದು ಮಾತು. ಲಂಗರು ಪಾರ್ಸಿಯಿಂದ ಬಂದ ಪದ. ನಮ್ಮ ಕರಾವಳಿಯಲ್ಲಿ ಅದು ಯಾರಿಗೂ ಪರಕೀಯ ಅನ್ನಿಸುವುದಿಲ್ಲ. ಬೋಟು, ಇಂಜಿನು, ಐಸು ಎಲ್ಲ ಹಾಗೇ ಬಂದವು. ಅಂಗಡಿಗೆ ಹೋಗಿ ಬೆನ್ನುಹಲಗೆ ಕೊಡಿ ಅಂದರೆ ಕೊಡುವವನಿಗೆ ತಿಳಿಯಬೇಕಲ್ಲ?

ಆದರೆ ಒಂದು ಕನ್ನಡ ಪದ ನಾನು ದಿನಾ ಬಳಸುತ್ತೇನೆ. ಕಾಲಿನ ನಡುವಿನ ಪಟ್ಟಿಗೆ ಮೊದಲು ಕ್ರಾಚ್ ಸ್ಟ್ರಾಪ್ ಅನ್ನುತ್ತಿದ್ದೆ. ಹೊಸಬರು ಅದನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡುತ್ತಿದ್ದರು. ಒಂದು ದಿನ ದೋಣಿ ನಡೆಸುವ ತಾಂಡೇಲ, "ಕಚ್ಚೆ ಹಾಕ್ರೋ, ಕಚ್ಚೆ" ಎಂದು ಕೂಗಿದರು. ಎಲ್ಲರೂ ಪಟ್ಟಿಯನ್ನು ಹಿಂದಿನಿಂದ ಮುಂದಕ್ಕೆ ಎಳೆದು, ಸೊಂಟದ ಪಟ್ಟಿಯನ್ನು ಅದರ ಕುಣಿಕೆಯಲ್ಲಿ ತೂರಿಸಿ ಬಕಲ್ ಹಾಕಿದರು. ತೋರಿಸಿಕೊಡಬೇಕಾಗಲೇ ಇಲ್ಲ.

ಉತ್ತರ 2ರವರಿಂದ

ಕಚ್ಚೆಯೂ ಸಂಸ್ಕೃತದ ಕಕ್ಷದಿಂದ ಬಂದದ್ದು.

ಉತ್ತರ 1ರವರಿಂದ

ಇರಲಿ ಬಿಡಿ. ಆದರೆ ಅಂಗಡಿಯವನಿಗೆ ತಿಳಿಯಬೇಕು ಎಂಬ ವಾದ ನನಗೆ ಹಿಡಿಸುವುದಿಲ್ಲ. ಅಂಗಡಿಯವನಿಗೂ ಯಾರಾದರೂ ಮೊದಲ ಸಲ ಹೇಳಬೇಕಾಗುತ್ತದೆ. ಪದ ಹಾಗೇ ಹಬ್ಬುವುದು.

ಕೇಳಿದವರಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬ್ಯಾಕ್‌ಪ್ಲೇಟನ್ನು ಹಾಗೇ ಬಿಡುತ್ತೇನೆ, ಕೊಳ್ಳುವವರು ಅಂಗಡಿಯಲ್ಲಿ ಅದೇ ಹೆಸರಲ್ಲಿ ಕೇಳಬೇಕು. ವಿಂಗ್‌ಗೆ ಗಾಳಿಚೀಲ. ತಿದಿ ನನಗೂ ಬಹಳ ಇಷ್ಟವಾಯಿತು, ಆದರೆ ಓದುವವರು ಇಪ್ಪತ್ತರ ಹುಡುಗರು. ಕಚ್ಚೆಪಟ್ಟಿಯನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ.

ಹಾರ್ನೆಸ್ ಮಾತ್ರ ಯಾರೂ ಮುಟ್ಟಲಿಲ್ಲ. ಹೆಗಲುಪಟ್ಟಿ ಅಂದರೆ ಸೊಂಟ ಬಿಟ್ಟುಹೋಗುತ್ತದೆ. ಜೀನು ಅಂದರೆ ಕುದುರೆ ಬರುತ್ತದೆ. ನಾಳೆ ಮಧ್ಯಾಹ್ನ ಮೂರರ ತನಕ ಆ ಜಾಗ ಖಾಲಿ ಇಟ್ಟಿರುತ್ತೇನೆ. ಹೊಳೆದರೆ ಬರೆಯಿರಿ.