ಸಹಾಯ ಬೇಕು: ಎಣ್ಣೆಯ ಆವಿ ಪರೀಕ್ಷಾ ಪ್ಲೇಟಿನ ಪಕ್ಕದ ಗುಂಡಿಗೂ ಹೋಗ್ತಿದೆ

ಎಲ್ಲರಿಗೂ ನಮಸ್ಕಾರ. ಶಿಲೀಂಧ್ರನಾಶಕ ಔಷಧಿ ಟರ್ಬಿನಾಫಿನ್‌ಗೆ ಬಗ್ಗದ ಹುಳಕಡ್ಡಿ ಶಿಲೀಂಧ್ರ ಟ್ರೈಕೊಫೈಟಾನ್ ಇಂಡೋಟಿನಿಯೇ ಮೇಲೆ ಲವಂಗ, ಓಮ, ಮಜ್ಜಿಗೆಹುಲ್ಲಿನ ಎಣ್ಣೆಗಳನ್ನು ದಾವಣಗೆರೆಯಲ್ಲಿ ಪರೀಕ್ಷಿಸುತ್ತಿದ್ದೇವೆ.

96 ಗುಂಡಿಯ ಪ್ಲೇಟು, ಆರ್‌ಪಿಎಂಐ 1640 ಪೋಷಕ ದ್ರವ, ಆಮ್ಲೀಯತೆ ಸ್ಥಿರವಾಗಿಡಲು ಮಾಪ್ಸ್ ಬಫರ್, ಪಿಎಚ್ 7.0. ಗುಂಡಿಗೆ 200 ಮೈಕ್ರೊಲೀಟರ್, ಬೀಜಕಣ ಮಿಲಿಲೀಟರಿಗೆ 1,000–3,000, 35 ಡಿಗ್ರಿಯಲ್ಲಿ 4 ದಿನ. ಎಣ್ಣೆಯನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ, ಕೊನೆಗೆ ಆ ದ್ರಾವಕ ಶೇ 1 ಮೀರದಂತೆ ನೋಡಿಕೊಳ್ಳುತ್ತೇವೆ.

ತೊಂದರೆ ಇಲ್ಲಿದೆ. ಹೆಚ್ಚು ಎಣ್ಣೆಯ ಸಾಲಿನ ಪಕ್ಕದಲ್ಲಿ, ಎಣ್ಣೆಯೇ ಹಾಕದ ಗುಂಡಿಯಲ್ಲೂ ಶಿಲೀಂಧ್ರ ಬೆಳೆಯುತ್ತಿಲ್ಲ. ಓಮದ ಥೈಮಾಲ್, ಮಜ್ಜಿಗೆಹುಲ್ಲಿನ ಸಿಟ್ರಾಲ್ ಆವಿಯಾಗಿ ಹರಡುತ್ತವೆ. ಅತ್ತ ತಮ್ಮದೇ ಗುಂಡಿಯಲ್ಲಿ ಎಣ್ಣೆ ಕಮ್ಮಿಯಾಗಿ, ಎಂಐಸಿ (ಬೆಳವಣಿಗೆ ತಡೆಯುವ ಕನಿಷ್ಠ ಸಾಂದ್ರತೆ) ಇರುವುದಕ್ಕಿಂತ ಹೆಚ್ಚು ಬರುತ್ತದೆ. ಎರಡೂ ಕಡೆ ಸುಳ್ಳು ಲೆಕ್ಕ. ನಡುವೆ ಒಂದು ಸಾಲು ಖಾಲಿ ಬಿಟ್ಟರೂ ಸಾಲದು. ಅಂಟುಫಿಲ್ಮ್ ಹಾಕಿದರೆ ಆವಿಗೆ ಅಂಟೇ ಮೆತ್ತಗಾಗಿ ಅಂಚು ಏಳುತ್ತದೆ. ಪೂರ್ತಿ ಬಿಗಿದರೆ ಗಾಳಿ ಬೇಕಾದ ಈ ಶಿಲೀಂಧ್ರ ಸೊರಗೀತು ಅನ್ನೋ ಭಯ. ಎಣ್ಣೆಯಿಂದ ದ್ರವ ಬೆಳ್ಳಗೆ ಕದಡುವುದರಿಂದ ಕಣ್ಣಳತೆಯೂ ನಂಬಿಕೆಗಿಲ್ಲ. ಜೀವವಿದ್ದರೆ ಬಣ್ಣ ಬದಲಾಗುವ ರೆಸಜುರಿನ್ ಹಾಕುವವರು ಶಿಲೀಂಧ್ರವಿಲ್ಲದ, ಎಣ್ಣೆ ಮಾತ್ರ ಇರುವ ಗುಂಡಿಯನ್ನೂ ಇಡುತ್ತೀರಾ?

ಯಾವ ಫಿಲ್ಮ್ ತಡೆಯಿತು? ಪ್ರತಿ ಸಾಂದ್ರತೆಗೂ ಬೇರೆ ಪ್ಲೇಟು ಇಡುವುದೇ ವಾಸಿಯಾ, ಅಥವಾ ಮುಚ್ಚಳದ ಗಾಜಿನ ಬಾಟಲಿಯಾ? ಎಸ್‌ಕ್ಯೂಎಲ್‌ಇ ಜೀನಿನಲ್ಲಿ ಫಿನೈಲಲನಿನ್ 397 ಲ್ಯೂಸಿನ್ ಆಗಿರುವುದು (ಔಷಧಿಗೆ ಬಗ್ಗದಂತೆ ಮಾಡುವ ಬದಲಾವಣೆ) ಖಚಿತವಾದ ತಳಿ ಯಾರಲ್ಲಾದರೂ ಇದ್ದರೆ, ಸಂಸ್ಥೆಯ ಒಪ್ಪಿಗೆಯೊಂದಿಗೆ ಹಂಚಿಕೊಳ್ಳಿ. ಚಿತ್ರದುರ್ಗದವರಿದ್ದರೆ ಎಣ್ಣೆಯ ಘಟಕ ಗುರುತಿಸುವ ಜಿಸಿ-ಎಂಎಸ್‌ಗೆ ಸ್ಯಾಂಪಲ್ ಒಟ್ಟಿಗೆ ಕಳಿಸಬಹುದು.

ರೋಗಿಗಳು ಕೇಳಿದರೆ ದಯವಿಟ್ಟು ಹೇಳಿ: ಅಪ್ಪಟ ಲವಂಗದೆಣ್ಣೆ ತೊಡೆಸಂದಿಗೆ ಹಚ್ಚಬಾರದು, ಚರ್ಮ ಸುಡುತ್ತದೆ.